ಓದುಗರ ಪ್ರಶ್ನೆ: ಹೈಸ್ಕೂಲಲ್ಲಿ ಡಿಟಿಪಿ, ಡಿಸೈನ್ ಕಲಿತು ಎಂತ ಪ್ರಯೋಜನ?

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲ ಸೇರಿಸಿದ್ರೆ ಹೆಚ್ಚಿನದ್ದು ಒಂದೇ ವಿಷಯ, ಅದೂ ಕಾಸರಗೋಡು, ಮಂಜೇಶ್ವರ ಕಡೆಯಿಂದ. ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರಲ್ಲಿ ಪೋಸ್ಟರ್, ಲೋಗೋ, ಮ್ಯಾಗಜಿನ್ ಮಾಡ್ಲಿಕ್ಕೆ ಕಲಿಸ್ತಾರಲ್ಲ, ಅದರ ಬಗ್ಗೆ. (ಡಿಟಿಪಿ ಅಂದ್ರೆ ಡೆಸ್ಕ್‌ಟಾಪ್ ಪಬ್ಲಿಷಿಂಗ್, ಕಂಪ್ಯೂಟರಲ್ಲಿ ಪುಟ ಕಟ್ಟುವ ಕೆಲಸ.) ಹಾಗಾಗಿ ಅಡಿಕೆಗೆ ಮದ್ದು ಬಿಡುವ ವಿಷಯ ಕೇಳಿದವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ತಡ್ಕೊಳ್ಳಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಬರೆದಿದ್ದಾರೆ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಸಾರ್, ನನ್ನ ಮಗ ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಶಾಲೆಯಲ್ಲಿ ಲಿಟಲ್ ಕೈಟ್ಸ್ ಅನ್ನುವ ಐಟಿ ಕ್ಲಬ್ಬಿಗೆ ಸೇರಿದ್ದಾನೆ, ಯಾವಾಗ ನೋಡಿದ್ರೂ ಇಂಕ್‌ಸ್ಕೇಪ್ (ಚಿತ್ರ, ಲೋಗೋ ಬಿಡಿಸುವ ಸಾಫ್ಟ್‌ವೇರ್), ಜಿಂಪ್ (ಫೋಟೋ ತಿದ್ದುವಂಥದ್ದು) ಅಂತ ಹೇಳ್ತಾ ಇರ್ತಾನೆ. ಪೇಟೆಯ ಕಂಪ್ಯೂಟರ್ ಸೆಂಟರಲ್ಲಿ ಕೇಳಿದ್ರೆ ಅದೆಲ್ಲ ಹೊರಗೆ ಯಾರೂ ಉಪಯೋಗಿಸೋದಿಲ್ಲ, ಪೇಜ್‌ಮೇಕರ್, ಕೋರಲ್, ಫೋಟೋಶಾಪ್ ಕಲಿತರೆ ಮಾತ್ರ ಕೆಲಸ ಸಿಗೋದು ಅಂತ ಹೇಳಿದ್ರು. ರಜೆಯಲ್ಲಿ ಅಲ್ಲಿಗೆ ಸೇರಿಸ್ಬೇಕಾ? (ಬದಿಯಡ್ಕ)

ಉತ್ತರ: ಅಕ್ಕಾ, ಸೆಂಟರಿನವರು ಹೇಳಿದ್ದರಲ್ಲಿ ಅರ್ಧ ಸರಿ, ಇನ್ನರ್ಧ ಫೀಸಿನ ಮಾತು. ಮೊದಲು ಪೇಜ್‌ಮೇಕರ್ ವಿಷಯ ಮುಗಿಸಿಬಿಡ್ತೇನೆ. ಪುಟ ಕಟ್ಟುವ ಆ ಸಾಫ್ಟ್‌ವೇರು 1985ರಲ್ಲಿ ಆಲ್ಡಸ್ ಅನ್ನುವ ಕಂಪನಿ ತಂದದ್ದು, ಡಿಟಿಪಿ ಅನ್ನುವ ಕಸುಬು ಶುರುವಾದದ್ದೇ ಹೆಚ್ಚುಕಡಿಮೆ ಅದರಿಂದ, ಆಮೇಲೆ ಅದು ಅಡೋಬಿ ಕೈಗೆ ಬಂತು, ಕೊನೆಯ ವರ್ಷನ್ ಬಂದದ್ದು 2001ರಲ್ಲಿ. ಅಂದ್ರೆ ನಿಮ್ಮ ಮಗ ಹುಟ್ಟುವ ಎಷ್ಟೋ ಮೊದಲೇ ಅದರ ಕಥೆ ಮುಗಿದಿದೆ. ಯೂನಿಕೋಡ್ ಕನ್ನಡ, ಅಂದ್ರೆ ಈಗ ಮೊಬೈಲು, ಇಂಟರ್ನೆಟ್ಟಲ್ಲೆಲ್ಲ ಓಡುವ ಕನ್ನಡ, ಅದರಲ್ಲಿ ಬರೋದೇ ಇಲ್ಲ. ನಮ್ಮ ಕಡೆ ಕೆಲವು ಪ್ರೆಸ್ಸಲ್ಲಿ ಈಗಲೂ ಓಡ್ತಾ ಉಂಟು ನಿಜ, ಯಾಕಂದ್ರೆ ಹಳೆ ಫೈಲು ಪೂರಾ ಅದರಲ್ಲೇ ಉಂಟು, ಜಾತ್ರೆಯ ಆಮಂತ್ರಣಕ್ಕೆ ವರ್ಷ ವರ್ಷ ತಾರೀಕು ಮಾತ್ರ ಬದಲಾಯಿಸಿ ಪ್ರಿಂಟ್ ತೆಗೆಯುವವರಿಗೆ ಅದೇ ಸುಖ. ಆದ್ರೆ ಹದಿನಾಲ್ಕು ವರ್ಷದ ಹುಡುಗನಿಗೆ ದುಡ್ಡು ಕೊಟ್ಟು ಅದನ್ನು ಕಲಿಸುವ ಅಗತ್ಯ ನನಗಂತೂ ಕಾಣೋದಿಲ್ಲ.

ಕೋರಲ್, ಫೋಟೋಶಾಪ್ ಹಾಗಲ್ಲ, ಫ್ಲೆಕ್ಸ್ ಅಂಗಡಿಗೆ ಹೋದ್ರೆ ಕೋರಲ್, ಸ್ಟುಡಿಯೋಗೆ ಹೋದ್ರೆ ಫೋಟೋಶಾಪ್, ಅದು ಇದ್ದದ್ದೇ. ಪುಸ್ತಕ, ಪತ್ರಿಕೆ ಪುಟ ಕಟ್ಟುವವರು ಇನ್‌ಡಿಸೈನ್. ಆದ್ರೆ ನಿಮ್ಮ ಮಗ ಇಂಕ್‌ಸ್ಕೇಪಲ್ಲಿ ಎಂತ ಕಲಿತಾನೆ ನೋಡಿ. ಗೆರೆಗೆ ನೋಡ್ (ಹಿಡಿದು ಎಳೆಯುವ ಚುಕ್ಕೆ) ಹಾಕಿ ಬಗ್ಗಿಸೋದು, ಎರಡು ಆಕಾರ ಸೇರಿಸಿ ಒಂದು ಮಾಡೋದು, ಒಂದರಿಂದ ಇನ್ನೊಂದನ್ನು ಕತ್ತರಿಸೋದು, ಲೇಯರ್ ಬೇರೆ ಬೇರೆ ಇಟ್ಕೊಳ್ಳೋದು, ಎಷ್ಟು ದೊಡ್ಡದು ಮಾಡಿದ್ರೂ ಒಡೆಯದ ವೆಕ್ಟರ್ ಚಿತ್ರಕ್ಕೂ ಝೂಮ್ ಮಾಡಿದ್ರೆ ಚೌಕ ಚೌಕ ಕಾಣುವ ಫೋಟೋಕ್ಕೂ ಎಂತ ವ್ಯತ್ಯಾಸ ಅಂತ ತಿಳ್ಕೊಳ್ಳೋದು. ಕೋರಲಲ್ಲಿಯೂ ಇದೇ ಇರೋದು, ಮೆನು ಬೇರೆ, ಶಾರ್ಟ್‌ಕಟ್ ಬೇರೆ. ಮಾರುತಿಯಲ್ಲಿ ಡ್ರೈವಿಂಗ್ ಕಲಿತವನಿಗೆ ಹುಂಡೈ ಓಡಿಸ್ಲಿಕ್ಕೆ ಇನ್ನೊಮ್ಮೆ ಲೈಸೆನ್ಸ್ ಬೇಕಾಗೋದಿಲ್ಲವಲ್ಲ.

ಇನ್ನೊಂದು, ಕೇರಳದ ಶಾಲೆಗಳಲ್ಲಿ ಕೈಟ್‌ನವರು (ಶಾಲೆಗಳ ಕಂಪ್ಯೂಟರ್ ಶಿಕ್ಷಣ ನೋಡ್ಕೊಳ್ಳುವ ಸರ್ಕಾರಿ ಸಂಸ್ಥೆ) ಸ್ವತಂತ್ರ ಸಾಫ್ಟ್‌ವೇರನ್ನೇ ಕಲಿಸೋದು, ಇದು ಮೊದಲು ಐಟಿ ಅಟ್ ಸ್ಕೂಲ್ ಅಂತ ಇದ್ದ ಕಾಲದಿಂದ ಬಂದ ಪದ್ಧತಿ. ಕೆಲವು ವರ್ಷ ಹತ್ತನೇ ಕ್ಲಾಸಿನ ಐಸಿಟಿ ಪುಸ್ತಕದಲ್ಲಿ ಶುರುವಿಗೇ ಇಂಕ್‌ಸ್ಕೇಪಿನ ಡಿಸೈನ್ ಪಾಠ, ಅದರ ಬೆನ್ನಿಗೆ ಲಿಬ್ರೆಆಫೀಸ್ ರೈಟರಲ್ಲಿ (ಪತ್ರ, ಲೇಖನ ಟೈಪ್ ಮಾಡುವ ಸಾಫ್ಟ್‌ವೇರ್) ಪಬ್ಲಿಷಿಂಗ್ ಪಾಠ ಇತ್ತು, ಕನ್ನಡ ಮೀಡಿಯಂ ಪುಸ್ತಕದಲ್ಲಿಯೂ. ಲೈಸೆನ್ಸಿಗೆ ದುಡ್ಡಿಲ್ಲ, ಶಾಲೆಯಲ್ಲಿ ಇದ್ದದ್ದೇ ಮನೆಯ ಹಳೆ ಲ್ಯಾಪ್‌ಟಾಪಿಗೂ ಹಾಕ್ಬಹುದು, ಅದು ಸಣ್ಣ ವಿಷಯ ಅಲ್ಲ. ಕರ್ನಾಟಕದ ಬದಿಯಲ್ಲಿರುವ ನನ್ನ ಸಂಬಂಧಿಕರ ಮಕ್ಕಳಿಗೆ ಹೈಸ್ಕೂಲಲ್ಲಿ ಇಷ್ಟು ಸಿಕ್ಕಿದ್ದು ನಾನು ನೋಡಿಲ್ಲ.

ರಜೆಯಲ್ಲಿ ಸೆಂಟರಿಗೆ ಕಳಿಸುವ ಬದಲು ಒಂದು ಕೆಲಸ ಮಾಡಿ. ಮನೆಯಲ್ಲಿ ಸತ್ಯನಾರಾಯಣ ಪೂಜೆಯೋ, ಗೃಹಪ್ರವೇಶವೋ ಇದ್ರೆ ಅದರ ಕಾಗದ ಪೂರಾ ಅವನೇ ಮಾಡ್ಲಿ. ಬಣ್ಣ ಚಂದ ಉಂಟಾ ಅಂತ ನೋಡ್ಬೇಡಿ, ಅಕ್ಷರ ತಪ್ಪಿಲ್ಲದೆ ಬಂದಿದೆಯಾ, ದಿನ ವಾರ ಒಂದಕ್ಕೊಂದು ತಾಳೆ ಆಗ್ತದಾ, ಅಜ್ಜಿ ಕನ್ನಡಕ ಹಾಕದೆ ಓದ್ತಾರಾ ಅಂತ ನೋಡಿ. ನಮ್ಮ ಕಸುಬಿನಲ್ಲಿ ಸಂಬಳ ಸಿಗೋದು ಅದಕ್ಕೆ. ಎಫೆಕ್ಟ್ ಹಾಕುವವರು ಊರು ತುಂಬ ಇದ್ದಾರೆ, ಕನ್ನಡ ತಪ್ಪಿಲ್ಲದೆ ಕೂರಿಸುವವರು ಇಲ್ಲ.

ಪ್ರಶ್ನೆ: ಅಣ್ಣಾ ನಾವು ಶಾಲೆಯ ಡಿಜಿಟಲ್ ಮ್ಯಾಗಜಿನ್ ಸ್ಕ್ರೈಬಸ್ ಅನ್ನುವ ಪುಟ ಕಟ್ಟುವ ಸಾಫ್ಟ್‌ವೇರಲ್ಲಿ ಮಾಡ್ತಾ ಇದ್ದೇವೆ. ಮಾಷ್ಟ್ರು ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಕೊಟ್ಟ ಲೇಖನ ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಸೇರಿ ಏನೇನೋ ಬರ್ತದೆ. ಮತ್ತೆ ನಾವೇ ಟೈಪ್ ಮಾಡಿದೆವು, ಆಗ ಕನ್ನಡ ಬಂತು ಆದ್ರೆ ಒತ್ತಕ್ಷರ ಎಲ್ಲ ಬಿಡಿ ಬಿಡಿ. ಇಂಕ್‌ಸ್ಕೇಪಲ್ಲಿ ಅದೇ ಸರಿ ಬರ್ತದೆ. ಯಾಕೆ? (ಪೈವಳಿಕೆ, ಹತ್ತನೇ ತರಗತಿ)

ಉತ್ತರ: ತಮ್ಮಾ, ಇದು ಎರಡು ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ.

ಮೊದಲನೇದು ಮಾಷ್ಟ್ರ ಫೈಲು. ನುಡಿಯ ಹಳೆ ಫಾಂಟುಗಳು, ಶ್ರೀಲಿಪಿ, ಬರಹ ಸಾಫ್ಟ್‌ವೇರಿನ ಹಳೆ ಫಾಂಟುಗಳು ಎಲ್ಲ ಯೂನಿಕೋಡ್ ಅಲ್ಲ. ಒಳಗೆ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗವೇ, ಅದರ ಮೇಲೆ ಕನ್ನಡದ ಆಕಾರ ಕೂರಿಸಿದ್ದಾರೆ ಅಷ್ಟೇ. ಆ ಫಾಂಟು ತೆಗೆದ ಕೂಡ್ಲೇ ಒಳಗಿನ ಬಣ್ಣ ಹೊರಗೆ ಬರ್ತದೆ, ನೀವು ನೋಡಿದ್ದು ಅದೇ. ಆ ಕಾಲಕ್ಕೆ ಅದು ಬಿಟ್ರೆ ಬೇರೆ ದಾರಿ ಇರ್ಲಿಲ್ಲ, ಪೇಜ್‌ಮೇಕರಲ್ಲಿ ಕನ್ನಡ ಬಂದದ್ದೇ ಆ ಉಪಾಯದಿಂದ, ಹಾಗಾಗಿ ಮಾಷ್ಟ್ರಿಗೆ ಬೈಬೇಡಿ. ನುಡಿಯಿಂದ ಯೂನಿಕೋಡಿಗೆ ಬದಲಾಯಿಸುವ ಕನ್ವರ್ಟರ್ ಸಿಗ್ತದೆ, ಅದಕ್ಕೆ ಹಾಕಿ ತೆಗೀರಿ. ಆದ್ರೆ ತೆಗೆದ ಮೇಲೆ ಒಮ್ಮೆ ಪೂರ್ತಿ ಓದ್ಲೇಬೇಕು, ಒಬ್ಬ ಮೂಲ ಓದ್ಲಿ, ಇನ್ನೊಬ್ಬ ಸ್ಕ್ರೀನಿನಲ್ಲಿ ನೋಡ್ಲಿ. ಅರ್ಕಾವೊತ್ತು ಎಲ್ಲಿಯೋ ಹೋಗಿ ಕೂತಿರ್ತದೆ, ದೀರ್ಘ ಹಾರಿ ಹೋಗಿರ್ತದೆ, ಇಂಗ್ಲಿಷ್ ಹೆಸರು ಮಧ್ಯದಲ್ಲಿ ಇದ್ರೆ ಅದು ಕನ್ನಡ ಆಗಿ ವಿಚಿತ್ರ ಶಬ್ದ ಆಗಿರ್ತದೆ.

ಎರಡನೇದು ಸ್ಕ್ರೈಬಸ್. ಹೆಲ್ಪ್ ಮೆನುವಿನಲ್ಲಿ ಎಬೌಟ್ ಒತ್ತಿ ವರ್ಷನ್ ನೋಡಿ, ನಿಮ್ಮದು 1.4 ಅಂತ ಇರ್ಬೇಕು. ಆ ಹಳೆ ವರ್ಷನಿಗೆ ಭಾರತೀಯ ಭಾಷೆಗಳ ಅಕ್ಷರ ಜೋಡಿಸ್ಲಿಕ್ಕೆ ಬರೋದಿಲ್ಲ. ಕ, ಅದರ ಕೆಳಗೆ ತ ಒತ್ತು ಅಂತ ಅದಕ್ಕೆ ಗೊತ್ತಿಲ್ಲ, ಸಿಕ್ಕಿದ್ದನ್ನು ಸಾಲಾಗಿ ಇಟ್ಟು ಹೋಗ್ತದೆ. 1.5ರ ಸಾಲಿನಲ್ಲಿ ಅದನ್ನು ಸರಿ ಮಾಡಿದ್ರು, ಈಗ 1.6 ಉಂಟು, ಅದು ಹಾಕ್ಕೊಳ್ಳಿ. ಇಂಕ್‌ಸ್ಕೇಪ್, ಜಿಂಪ್, ಲಿಬ್ರೆಆಫೀಸ್ ಎಲ್ಲ ಮೊದಲಿಂದ ಸರಿ ತೋರಿಸ್ತಾವೆ. ಶಾಲೆಯ ಸಿಸ್ಟಮಲ್ಲಿ ಹೊಸದು ಹಾಕ್ಲಿಕ್ಕೆ ಆಗದಿದ್ರೆ ತಲೆ ಕೆಡಿಸ್ಕೊಳ್ಬೇಡಿ, ಲಿಬ್ರೆಆಫೀಸ್ ರೈಟರಲ್ಲೇ ಎರಡು ಕಾಲಂ ಹಾಕಿ ಚಂದ ಮ್ಯಾಗಜಿನ್ ಮಾಡ್ಬಹುದು. ತಲೆಬರಹಕ್ಕೆಲ್ಲ ಹೆಡಿಂಗ್ ಸ್ಟೈಲ್ ಕೊಟ್ಟಿದ್ರೆ ವಿಷಯಸೂಚಿಯನ್ನು ಅದೇ ಮಾಡಿ ಕೊಡ್ತದೆ, ಪುಟ ಸಂಖ್ಯೆ ಸಮೇತ.

ಯಾವ ಸಾಫ್ಟ್‌ವೇರು, ಯಾವ ಫಾಂಟು ಆದ್ರೂ ಕೆಲಸ ಶುರು ಮಾಡುವ ಮೊದಲು ಈ ಒಂದು ಸಾಲು ಟೈಪ್ ಮಾಡಿ ನೋಡಿ: ಸ್ವಾತಂತ್ರ್ಯ, ರಾಷ್ಟ್ರ, ಕರ್ತೃ, ರ‍್ಯಾಂಕ್, ಸಾಫ್ಟ್‌ವೇರ್. ಐದೂ ಸರಿ ಬಂತಾ, ಮುಂದೆ ಹೋಗಿ. ಸಾಫ್ಟ್‌ವೇರ್ ಅಂತ ಹಾಕಿದ್ದಕ್ಕೆ ಕಾರಣ ಉಂಟು. ಅಲ್ಲಿ ಟ ಮತ್ತು ವ ನಡುವೆ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಉಂಟು, ಝಡ್‌ಡಬ್ಲ್ಯುಎನ್‌ಜೆ ಅಂತ ಹೇಳ್ತಾರೆ, ಅದು ಇಲ್ಲದಿದ್ರೆ ವ ಕೆಳಗೆ ಇಳಿದು ಸಾಫ್ಟ್ವೇರ್ ಆಗ್ತದೆ. ಹೈಸ್ಕೂಲ್‌ನಲ್ಲಿ ಅಂತ ಬರೀಬೇಕಾದಲ್ಲಿ ಹೈಸ್ಕೂಲ್ನಲ್ಲಿ ಅಂತ ಎಷ್ಟು ಬ್ಯಾನರಲ್ಲಿ ಕಾಣೋದಿಲ್ಲ! ರ‍್ಯಾಂಕಿಗೆ ಅದರ ಜೋಡಿ ಇನ್ನೊಂದು ಬೇಕು, ಝಡ್‌ಡಬ್ಲ್ಯುಜೆ, ಇಲ್ಲದಿದ್ರೆ ರ್ಯಾಂಕ್ ಅಂತ ಅರ್ಕಾವೊತ್ತು ಬರ್ತದೆ. ಇದನ್ನು ಹತ್ತನೇ ಕ್ಲಾಸಲ್ಲೇ ತಿಳ್ಕೊಂಡ ಹುಡುಗ ಡಿಗ್ರಿ ಮುಗಿಸಿ ಬಂದ ಆಪರೇಟರಿಗಿಂತ ಮುಂದೆ ಇರ್ತಾನೆ, ಇದು ನಾನು ತಮಾಷೆಗೆ ಹೇಳಿದ್ದಲ್ಲ.

ಪ್ರಶ್ನೆ: ನಾನು ಎಂಟನೇ ಕ್ಲಾಸ್. ಶಾಲೆಯ ವಾರ್ಷಿಕೋತ್ಸವಕ್ಕೆ ಪೋಸ್ಟರ್ ಮಾಡಿದೆ. ತುಂಬಾ ಕಲರ್, ಐದು ಫಾಂಟ್, ಶ್ಯಾಡೋ ಎಲ್ಲ ಹಾಕಿದ್ದೆ ಆದ್ರೆ ಟೀಚರ್ ಏನೋ ಸರಿ ಕಾಣೋದಿಲ್ಲ ಅಂತ ಹೇಳಿದ್ರು, ಏನು ಅಂತ ಹೇಳ್ಲಿಲ್ಲ. ಕನ್ನಡ, ಮಲಯಾಳ ಎರಡೂ ಹಾಕ್ಬೇಕಿತ್ತು. (ಕುಂಬಳೆ)

ಉತ್ತರ: ಮಗಳೇ, ನಿನ್ನ ಪೋಸ್ಟರ್ ನೋಡಿದೆ, ಚಿತ್ರ ಚಂದ ಬಿಡಿಸಿದ್ದೀ. ಟೀಚರ್ ಹೇಳದೆ ಬಿಟ್ಟದ್ದನ್ನು ನಾನು ಹೇಳ್ತೇನೆ: ಅದರಲ್ಲಿ ಎಲ್ಲವೂ ಒಟ್ಟಿಗೆ ಬೊಬ್ಬೆ ಹಾಕ್ತಾ ಉಂಟು. ಶಾಲೆಯ ಹೆಸರೂ ದೊಡ್ಡದು, ಸ್ವಾಗತವೂ ದೊಡ್ಡದು, ತಾರೀಕು ಮಾತ್ರ ಹುಡುಕ್ಬೇಕು.

ಮನೆಯಲ್ಲಿ ಹಳೆ ಯಕ್ಷಗಾನದ ನೋಟೀಸು ಇದ್ರೆ ತೆಗೆದು ನೋಡು, ಆಟದ ನೋಟೀಸು. ಮೇಲೆ ಸಣ್ಣಕ್ಕೆ ದೇವರ ಹೆಸರು, ಆಮೇಲೆ ಮೇಳದ ಹೆಸರು, ನಡುವೆ ಎಲ್ಲದಕ್ಕಿಂತ ದೊಡ್ಡದಾಗಿ ಪ್ರಸಂಗದ ಹೆಸರು, ಅದರ ಕೆಳಗೆ ದಿನ, ಹೊತ್ತು, ಜಾಗ. ಹಿಮ್ಮೇಳ ಮುಮ್ಮೇಳದವರ ಹೆಸರು ಸಣ್ಣ ಅಕ್ಷರದಲ್ಲಿ ಎರಡು ಸಾಲಿಗೆ. ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಅಂಟಿಸಿದ್ದನ್ನು ಬಸ್ಸೊಳಗೆ ಕೂತು ನೋಡಿದವರಿಗೂ ಯಾವ ಪ್ರಸಂಗ, ಯಾವತ್ತು ಅಂತ ಗೊತ್ತಾಗ್ತದೆ, ಆಸಕ್ತಿ ಇದ್ದವರು ಹತ್ತಿರ ಬಂದು ಕಲಾವಿದರ ಹೆಸರು ಓದ್ತಾರೆ. ಅದನ್ನು ಮಾಡಿದವರು ಡಿಸೈನ್ ಕಾಲೇಜಿಗೆ ಹೋದವರಲ್ಲ, ಯಾವುದು ಮೊದಲು ಕಣ್ಣಿಗೆ ಬೀಳ್ಬೇಕು ಅಂತ ಗೊತ್ತಿದ್ದವರು. ನೀನೂ ಹಾಗೆ ಮಾಡು, ಒಂದು ವಿಷಯ ತುಂಬ ದೊಡ್ಡದು, ಎರಡು ಮೂರು ಮಧ್ಯಮ, ಉಳಿದದ್ದು ಸಣ್ಣ. ಮುಗಿದ ಮೇಲೆ ಸ್ಕ್ರೀನಿನಲ್ಲಿ ಝೂಮ್ ಕಡಿಮೆ ಮಾಡಿ ಅಂಗೈಯಷ್ಟು ಮಾಡಿ ನೋಡು, ಆಗಲೂ ಏನು, ಯಾವಾಗ, ಎಲ್ಲಿ ಅಂತ ಗೊತ್ತಾದ್ರೆ ಸಾಕು.

ಫಾಂಟು ಎರಡೇ ಸಾಕು. ಇಲ್ಲಿ ನಿನಗೊಂದು ಒಳ್ಳೆ ಸುದ್ದಿ ಉಂಟು. ಎಕ್ ಟೈಪ್ ಅನ್ನುವವರು ಮಾಡಿದ ಬಾಲೂ ಅನ್ನುವ ಫಾಂಟಿನಲ್ಲಿ ಕನ್ನಡದ್ದಕ್ಕೆ ಬಾಲೂ ತಮ್ಮ, ಮಲಯಾಳದ್ದಕ್ಕೆ ಬಾಲೂ ಚೇಟ್ಟನ್ ಅಂತ ಹೆಸರು (ಕಾಸರಗೋಡಿನವರಿಗೆ ಅಂತಲೇ ಇಟ್ಟ ಹಾಗೆ ಉಂಟಲ್ವಾ). ಎರಡೂ ಒಂದೇ ದಪ್ಪ, ಒಂದೇ ದುಂಡು, ಅಕ್ಕಪಕ್ಕ ಇಟ್ರೆ ಜಗಳ ಮಾಡೋದಿಲ್ಲ. ಅವರದ್ದೇ ಅನೇಕ್ ಅಂತ ಇನ್ನೊಂದು ಉಂಟು, ಸಪೂರದಿಂದ ದಪ್ಪದವರೆಗೆ ಸಿಗ್ತದೆ. ನೋಟೋ ಅನ್ನುವ ಫಾಂಟಿನಲ್ಲಿಯೂ ಎರಡು ಭಾಷೆ ಉಂಟು. ಎಲ್ಲ ಗೂಗಲ್ ಫಾಂಟ್ಸಲ್ಲಿ ಫ್ರೀ. ಒಂದೇ ಸೈಜು ಕೊಟ್ರೂ ಮಲಯಾಳದ ಸಾಲು ಅಗಲಕ್ಕೆ ಹೋಗ್ತದೆ, ಹಾಗಾಗಿ ನಂಬರ್ ನೋಡ್ಬೇಡ, ಕಣ್ಣಲ್ಲಿ ಅಳತೆ ಮಾಡು.

ಮತ್ತೆ ಕನ್ನಡದ್ದೇ ಎರಡು ವಿಷಯ. ಒಂದು, ಸಾಲು ಸಾಲಿನ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗ್ತಾ ಇದ್ರೆ ಓದುವವರಿಗೆ ಕಿರಿಕಿರಿ. ನಾನು ಸಾಮಾನ್ಯವಾಗಿ ಅಕ್ಷರದ ಸೈಜಿನ ಒಂದೂವರೆ ಪಾಲು ಇಡ್ತೇನೆ. ಇನ್ನೊಂದು, ಸಣ್ಣ ಕಾಲಮಲ್ಲಿ ಎರಡೂ ಬದಿ ಸಮ ಮಾಡ್ಲಿಕ್ಕೆ ಹೋಗ್ಬೇಡ. ನಮ್ಮ ಪದಗಳು ಉದ್ದ, ಬ್ರಹ್ಮಕಲಶೋತ್ಸವ, ವಿದ್ಯಾರ್ಥಿಗಳಿಗಾಗಿ ಅಂತೆಲ್ಲ ಬಂದ್ರೆ ಒಂದು ಸಾಲಿಗೆ ಎರಡೇ ಪದ ಕೂತು ನಡುವೆ ದೊಡ್ಡ ಖಾಲಿ ಜಾಗ ಬೀಳ್ತದೆ. ಎಡಕ್ಕೆ ಸಮ ಇದ್ರೆ ಸಾಕು. ಶ್ಯಾಡೋ ಬೇಡ.

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ಮಕ್ಕಳು ಕಂಪ್ಯೂಟರಿನಲ್ಲಿ ಬಹಳ ಚೆನ್ನಾಗಿ ಮಾಡಿದ ಸ್ಮರಣ ಸಂಚಿಕೆಯನ್ನು ಪ್ರೆಸ್ಸಿಗೆ ಕೊಟ್ಟೆವು. ಮುದ್ರಣವಾಗಿ ಬಂದಾಗ ಹಸಿರು ಬಣ್ಣ ಮಾಸಿ ಹೋಗಿತ್ತು, ಫೋಟೋಗಳು ಮಸುಕು, ಮುಖಪುಟದ ಅಂಚಿನಲ್ಲಿ ಬಿಳಿ ಗೆರೆ, ಕೊನೆಗೆ ಎರಡು ಪುಟ ಖಾಲಿ. ಪ್ರೆಸ್ಸಿನವರ ತಪ್ಪೋ, ನಮ್ಮ ತಪ್ಪೋ? (ಮುಳ್ಳೇರಿಯ)

ಉತ್ತರ: ಟೀಚರ್, ನಾಲ್ಕೂ ಫೈಲಿನದ್ದೇ ತೊಂದರೆ. ಆದ್ರೆ ಫೈಲು ತಗೊಳ್ಳುವಾಗಲೇ ಒಂದು ಮಾತು ಹೇಳಬಹುದಿತ್ತು ಪ್ರೆಸ್ಸಿನವರು, ಒಳ್ಳೆ ಪ್ರೆಸ್ಸಿನವರು ಹೇಳ್ತಾರೆ.

ಹಸಿರು ಯಾಕೆ ಮಾಸಿತು ಅಂದ್ರೆ ಸ್ಕ್ರೀನು ಬಣ್ಣ ಮಾಡೋದು ಬೆಳಕಿನಿಂದ, ಕೆಂಪು ಹಸಿರು ನೀಲಿ, ಆರ್‌ಜಿಬಿ. ಪ್ರೆಸ್ಸಿನವರು ಮಾಡೋದು ಶಾಯಿಯಿಂದ, ಸಯಾನ್ ಮಜೆಂಟಾ ಹಳದಿ ಕಪ್ಪು, ಸಿಎಂವೈಕೆ. ಸ್ಕ್ರೀನಿನಲ್ಲಿ ಮಿಂಚುವ ಗಿಳಿಹಸಿರು ಆ ನಾಲ್ಕು ಶಾಯಿಯಲ್ಲಿ ಹುಟ್ಟುವುದೇ ಇಲ್ಲ. ಇಂಕ್‌ಸ್ಕೇಪಿನಿಂದ ಬರುವ ಪಿಡಿಎಫ್ ಸಾಮಾನ್ಯವಾಗಿ ಆರ್‌ಜಿಬಿ, ಸ್ಕ್ರೈಬಸಲ್ಲಿ ಪಿಡಿಎಫ್ ತೆಗೆಯುವಾಗ ಪ್ರಿಂಟರಿಗೆ ಅಂತ ಆಯ್ಕೆ ಮಾಡಿದ್ರೆ ಸಿಎಂವೈಕೆ ಆಗ್ತದೆ. ಮಕ್ಕಳಿಗೆ ಮೊದಲೇ ಸ್ವಲ್ಪ ಮಂದ ಹಸಿರು ಆರಿಸ್ಲಿಕ್ಕೆ ಹೇಳಿ, ಆಮೇಲೆ ಬೇಜಾರಾಗೋದು ತಪ್ತದೆ.

ಫೋಟೋ ವಿಷಯ ಲೆಕ್ಕದ್ದು, ಗಣಿತ ಟೀಚರನ್ನು ಕೂರಿಸಿ ಮಕ್ಕಳಿಂದಲೇ ಮಾಡಿಸ್ಬಹುದು. ಮುದ್ರಣಕ್ಕೆ ಒಂದು ಇಂಚಿಗೆ 300 ಪಿಕ್ಸೆಲ್ ಬೇಕು. ಎ4 ಪುಟ ತುಂಬ ಫೋಟೋ ಹಾಕ್ಬೇಕಾದ್ರೆ 2480 ಗುಣಿಸು 3508 ಪಿಕ್ಸೆಲ್. ವಾಟ್ಸಾಪಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಉದ್ದಕ್ಕೆ ಹೆಚ್ಚುಕಡಿಮೆ 1600 ಪಿಕ್ಸೆಲಿಗೆ ಇಳಿದಿರ್ತದೆ, 300ರಿಂದ ಭಾಗಿಸಿ, ಐದು ಇಂಚು ಚಿಲ್ಲರೆ. ಅದನ್ನು ನೀವು ಪುಟ ತುಂಬ ಎಳೆದಿದ್ದೀರಿ. ಇನ್ನು ಮೇಲೆ ಫೋಟೋ ತಗೊಳ್ಳುವಾಗ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿ, ಇಲ್ಲಾಂದ್ರೆ ಪೆನ್‌ಡ್ರೈವ್. (ಫ್ಲೆಕ್ಸಿಗೆ ಇಷ್ಟು ಬೇಡ, ದೂರದಿಂದ ನೋಡೋದಲ್ವಾ, 72ರಿಂದ 100 ಇದ್ರೂ ನಡೀತದೆ.)

ಬಿಳಿ ಗೆರೆ ಬಂದದ್ದು ಬ್ಲೀಡ್ ಬಿಡದ್ದಕ್ಕೆ. ಬಣ್ಣ ಅಂಚಿನವರೆಗೆ ಬೇಕಾದ್ರೆ ಪುಟದಿಂದ 3 ಮಿಲಿಮೀಟರ್ ಹೊರಗೆ ಹೋಗ್ಬೇಕು, ಕಟಿಂಗ್ ಮೆಷಿನು ಕೂದಲೆಳೆ ಆಚೀಚೆ ಆದ್ರೂ ಬಿಳಿ ಕಾಣೋದಿಲ್ಲ. ಅಕ್ಷರ ಮಾತ್ರ ಒಳಗೇ ಇರ್ಲಿ. ಖಾಲಿ ಪುಟ ಬಂದದ್ದು ಸೆಂಟರ್ ಪಿನ್ ಪುಸ್ತಕ ಆದ್ದರಿಂದ. ಒಂದು ಹಾಳೆ ಮಡಚಿದ್ರೆ ನಾಲ್ಕು ಪುಟ, ಹಾಗಾಗಿ ಪುಟ ನಾಲ್ಕರ ಮಗ್ಗಿಯಲ್ಲೇ ಬರ್ಬೇಕು, 28 ಅಥವಾ 32. ನಿಮ್ಮದು 30 ಇತ್ತು ಅಂತ ಕಾಣ್ತದೆ. ಶುರುವಿಗೇ ಎಂಟು ಎ4 ಹಾಳೆ ತಗೊಂಡು ನಡುವೆ ಮಡಚಿ, ಪೆನ್ನಲ್ಲಿ ಪುಟ ಸಂಖ್ಯೆ ಬರೆದು, ಯಾವ ಕವನ ಎಲ್ಲಿ, ಯಾವ ಜಾಹೀರಾತು ಎಲ್ಲಿ ಅಂತ ಡಮ್ಮಿ ಮಾಡಿಸಿ. ಕಂಪ್ಯೂಟರ್ ಮುಟ್ಟುವ ಮೊದಲು ಮಾಡುವ ಈ ಕೆಲಸ ಮಕ್ಕಳಿಗೆ ಸ್ವಲ್ಪ ಬೋರು, ಆದ್ರೆ ಡಿಟಿಪಿ ಕಲಿಸುವುದಾದ್ರೆ ನಾನು ಮೊದಲು ಕಲಿಸೋದು ಅದನ್ನೇ.

ಫೈಲು ಕೊಡುವಾಗ ಹೆಡಿಂಗುಗಳನ್ನು ಪಾತ್‌ಗೆ, ಅಂದ್ರೆ ಬರೀ ಗೆರೆಯ ಚಿತ್ರಕ್ಕೆ, ಬದಲಾಯಿಸಿ ಕೊಟ್ರೆ ಪ್ರೆಸ್ಸಿನ ಸಿಸ್ಟಮಲ್ಲಿ ಫಾಂಟು ಇಲ್ಲದಿದ್ರೂ ತೊಂದರೆ ಇಲ್ಲ. ಆದ್ರೆ ಪಾತ್ ಮಾಡಿದ ಮೇಲೆ ಅಕ್ಷರ ತಿದ್ಲಿಕ್ಕೆ ಆಗೋದಿಲ್ಲ, ಹಾಗಾಗಿ ಒರಿಜಿನಲ್ ಬೇರೆ ಹೆಸರಲ್ಲಿ ಇಟ್ಕೊಳ್ಳಿ.

ಪ್ರಶ್ನೆ: ಮಗಳಿಗೆ ಡಿಸೈನಲ್ಲಿ ತುಂಬ ಆಸಕ್ತಿ. ಹತ್ತನೇ ಆದ ಮೇಲೆ ಯಾವುದಕ್ಕೆ ಸೇರಿಸಬಹುದು? ಸಾಯನ್ಸ್ ತಗೊಳ್ಳಲೇಬೇಕಾ? (ಹೊಸಂಗಡಿ)

ಉತ್ತರ: ತಗೊಳ್ಳಲೇಬೇಕು ಅಂತ ಇಲ್ಲ. ಬೇಗ ಕೆಲಸಕ್ಕೆ ಸೇರ್ಬೇಕು ಅಂತ ಇದ್ರೆ ಐಟಿಐಯಲ್ಲಿ ಡೆಸ್ಕ್‌ಟಾಪ್ ಪಬ್ಲಿಷಿಂಗ್ ಆಪರೇಟರ್ ಅಂತಲೇ ಒಂದು ವರ್ಷದ ಟ್ರೇಡ್ ಉಂಟು, ಎಲ್ಲ ಐಟಿಐಯಲ್ಲಿ ಇಲ್ಲ, ಸೇರುವ ವರ್ಷ ಎಲ್ಲಿ ಉಂಟು ಅಂತ ವಿಚಾರಿಸಿ. ಕೇರಳ ಸರ್ಕಾರದ ಸಿ-ಆ್ಯಪ್ಟ್ ಅನ್ನುವ ಮುದ್ರಣ ತರಬೇತಿ ಸಂಸ್ಥೆಯವರು ಎಸ್ಸೆಸ್ಸೆಲ್ಸಿ ಆದವರಿಗೆ ಕೆಜಿಟಿಇ (ಕೇರಳ ಸರ್ಕಾರದ ತಾಂತ್ರಿಕ ಪರೀಕ್ಷೆ) ಪ್ರೀಪ್ರೆಸ್ ಕೋರ್ಸು, ಅಂದ್ರೆ ಮುದ್ರಣಕ್ಕೆ ಮೊದಲಿನ ಕೆಲಸದ ಕೋರ್ಸು, ನಡೆಸ್ತಾರೆ. ಮೆಷಿನು, ಶಾಯಿ, ಕಾಗದ ಎಲ್ಲ ಸೇರಿಸಿ ಕಲೀಬೇಕಾದ್ರೆ ಶೊರ್ನೂರಿನ ಸರ್ಕಾರಿ ಪಾಲಿಟೆಕ್ನಿಕಲ್ಲಿ ಪ್ರಿಂಟಿಂಗ್ ಟೆಕ್ನಾಲಜಿ ಡಿಪ್ಲೊಮಾ, ಮೂರು ವರ್ಷ.

ಚಿತ್ರ ಬಿಡಿಸುವ ಕೈ ಇದ್ರೆ ಪ್ಲಸ್ ಟು ಮುಗಿಸಿ ಬಿಎಫ್‌ಎ ಅಥವಾ ಬಿವಿಎ ಅನ್ನುವ ಕಲಾ ಪದವಿ, ಅದರಲ್ಲಿ ಅಪ್ಲೈಡ್ ಆರ್ಟ್ ಅಂತ ವಿಭಾಗ ಇರ್ತದೆ. ಹತ್ತಿರ ಬೇಕಾದ್ರೆ ಮಂಗಳೂರಿನ ಮಹಾಲಸ, ದೂರ ಆದ್ರೂ ಪರವಾಗಿಲ್ಲ ಅಂದ್ರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಇತ್ತ ತೃಶೂರು, ತಿರುವನಂತಪುರದ ಫೈನ್ ಆರ್ಟ್ಸ್ ಕಾಲೇಜುಗಳು. ಎನ್‌ಐಡಿಗೆ (ರಾಷ್ಟ್ರೀಯ ಡಿಸೈನ್ ಸಂಸ್ಥೆ) ಡಿಎಟಿ ಅನ್ನುವ ಪರೀಕ್ಷೆ, ಐಐಟಿಗಳ ಬಿಡೆಸ್ ಅನ್ನುವ ಡಿಸೈನ್ ಪದವಿಗೆ ಯೂಸೀಡ್, ಎರಡಕ್ಕೂ ಪ್ಲಸ್ ಟುವಿನಲ್ಲಿ ಯಾವ ವಿಷಯ ತಗೊಂಡಿದ್ರೂ ಬರೀಬಹುದು, ಕಾಮರ್ಸ್, ಹ್ಯುಮಾನಿಟೀಸ್ ಯಾವುದಾದ್ರೂ. ಕಷ್ಟದ ಪರೀಕ್ಷೆ, ಆದ್ರೆ ಅದರಲ್ಲಿ ಸಾಫ್ಟ್‌ವೇರ್ ಕೇಳೋದಿಲ್ಲ, ನೋಡಿದ್ದನ್ನು ಪೆನ್ಸಿಲಲ್ಲಿ ಬಿಡಿಸೋದು, ಯೋಚನೆ ಮಾಡೋದು. ಈಗಿಂದ ದಿನಾ ಒಂದು ಪುಟ ಸ್ಕೆಚ್ ಮಾಡ್ಲಿ, ಬಸ್‌ಸ್ಟ್ಯಾಂಡು, ಮೀನು ಮಾರ್ಕೆಟ್ಟು, ಏನು ಕಂಡರೆ ಅದು.

ಒಂದು ಮಾತ್ರ ಹೇಳಿಬಿಡ್ತೇನೆ, ಮಗಳ ಕನ್ನಡ ಬಿಡಿಸ್ಬೇಡಿ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಓದಿ ತಪ್ಪು ಹಿಡಿಯುವ ಡಿಸೈನರ್ ಬೆಂಗಳೂರಲ್ಲಿಯೂ ಕಡಿಮೆ, ಕೊಚ್ಚಿಯಲ್ಲಿಯೂ ಕಡಿಮೆ.

ಪ್ರಶ್ನೆ: ಇಪ್ಪತ್ತು ಇಪ್ಪತ್ತೈದು ವರ್ಷದಿಂದ ಸಣ್ಣ ಪ್ರೆಸ್ ನಡೆಸ್ತಾ ಇದ್ದೇನೆ. ಈಗ ಕ್ಯಾನ್ವಾ ಅನ್ನುವ ಆ್ಯಪಲ್ಲಿ ಜನ ತಾವೇ ಕಾರ್ಡ್ ಮಾಡಿ ತರ್ತಾರೆ, ಎಐ ಬಂದ ಮೇಲೆ ಚಿತ್ರವೂ ಅದೇ ಮಾಡ್ತದೆ. ಮಕ್ಕಳಿಗೆ ಇದನ್ನು ಕಲಿಸಿ ದಾರಿ ತಪ್ಪಿಸ್ತಾ ಇದ್ದೀರಿ ಅಂತ ನನ್ನ ಅಭಿಪ್ರಾಯ. (ಉಪ್ಪಳ)

ಉತ್ತರ: ಅಣ್ಣಾ, ನಿಮ್ಮ ಕಷ್ಟ ಸುಳ್ಳಲ್ಲ. ಬರ್ತ್‌ಡೇ ಫ್ಲೆಕ್ಸು, ವಿಸಿಟಿಂಗ್ ಕಾರ್ಡಿನ ಕೆಲಸ ಅರ್ಧಕ್ಕರ್ಧ ಹೋಗಿದೆ, ಅದು ವಾಪಸು ಬರೋದಿಲ್ಲ. ಆದ್ರೆ ಈ ಕಸುಬು ಹೀಗೆ ಮಗ್ಗುಲು ಬದಲಾಯಿಸಿದ್ದು ಇದು ಮೊದಲಲ್ಲವಲ್ಲ. 1843ರಲ್ಲಿ ಮಂಗಳೂರಲ್ಲಿ ‘ಮಂಗಳೂರ ಸಮಾಚಾರ’ ಬಂದದ್ದು ಕಲ್ಲಚ್ಚಿನಲ್ಲಿ, ಆಮೇಲೆ ಅಚ್ಚಿನ ಮೊಳೆ ಜೋಡಿಸುವ ಕಾಲ ಬಂತು, ಆಮೇಲೆ ಆಫ್‌ಸೆಟ್, ಆಮೇಲೆ ಡಿಟಿಪಿ. ಮೊಳೆ ಜೋಡಿಸ್ತಾ ಇದ್ದವರಲ್ಲಿ ಕನ್ನಡ ಗಟ್ಟಿ ಇದ್ದವರು ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡಿದ್ದನ್ನು ನೀವೇ ನೋಡಿರ್ತೀರಿ, ಉಳಿದವರು ಬೇರೆ ಕೆಲಸಕ್ಕೆ ಹೋದ್ರು.

ಎಐಗೆ ಬ್ರಹ್ಮಕಲಶದ ಪೋಸ್ಟರ್ ಮಾಡ್ಲಿಕ್ಕೆ ಹೇಳಿ ನೋಡಿ. ದೇವಸ್ಥಾನ ಚಂದ ಮಾಡಿ ಕೊಡ್ತದೆ, ಅಕ್ಷರ ಮಾತ್ರ ಎಷ್ಟೋ ಸಲ ಕನ್ನಡದ ಹಾಗೆ ಕಾಣುವ ಏನೋ ಒಂದು, ಓದ್ಲಿಕ್ಕೆ ಹೋದ್ರೆ ಒಂದು ಶಬ್ದ ಸರಿ ಇಲ್ಲ. ನಾಳೆ ಸುಧಾರಿಸಬಹುದು, ಆಗಲೂ ಕ್ಷೇತ್ರದ ತಂತ್ರಿಗಳ ಹೆಸರು ಮೊದಲು ಬರ್ಬೇಕಾ ಮೊಕ್ತೇಸರರದ್ದಾ, ಯಾವ ಮನೆಯವರ ಹೆಸರು ಬಿಟ್ಟು ಹೋದ್ರೆ ಗಲಾಟೆ ಆಗ್ತದೆ ಅಂತ ನಿಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಟೆಂಪ್ಲೇಟಿನಲ್ಲಿ ಹೆಸರು ತುಂಬಿಸೋದು ಮಾತ್ರ ಕಲಿಸಿದ್ರೆ ದಾರಿ ತಪ್ಪಿಸಿದ ಹಾಗೆ, ಅದು ನಾನೂ ಒಪ್ತೇನೆ. ಪುಟ ಕಟ್ಟೋದು, ತಪ್ಪು ಹಿಡಿಯೋದು ಕಲಿತವರಿಗೆ ಕೆಲಸ ಇರ್ತದೆ ಅಂತ ನನ್ನ ಲೆಕ್ಕ. ನೀವು ಒಂದು ಉಪಕಾರ ಮಾಡಿ, ಹತ್ತಿರದ ಹೈಸ್ಕೂಲಿನ ಮಕ್ಕಳನ್ನು ಒಂದು ದಿನ ಪ್ರೆಸ್ಸಿಗೆ ಕರೆದು ಪ್ಲೇಟು, ಕಟಿಂಗ್ ಮೆಷಿನು ತೋರಿಸಿ. ಮುಳ್ಳೇರಿಯದ ಟೀಚರಿಗೆ ಆದ ತೊಂದರೆ ನಿಮ್ಮ ಊರಿನ ಮಕ್ಕಳಿಗೆ ಆಗೋದಿಲ್ಲ.

ಇನ್ನು ಕೆಲವು, ಚುಟುಕಾಗಿ

ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಮೊಬೈಲಲ್ಲಿ ಕಲೀಬಹುದಾ? (ಪೆರ್ಲ) ಪೋಸ್ಟರ್ ಮಾಡ್ಬಹುದು, ಬಣ್ಣದ ಅಂದಾಜು ಕಲೀಬಹುದು, ಕನ್ನಡ ಟೈಪಿಂಗಂತೂ ಖಂಡಿತ. ಪುಸ್ತಕದ ಪುಟ ಕಟ್ಟೋದು, ನೋಡ್ ಎಳೆಯೋದು ಕಷ್ಟ. ಶಾಲೆಯ ಲ್ಯಾಬಿನ ಹೊತ್ತನ್ನು ಅದಕ್ಕೇ ಇಟ್ಕೊಳ್ಳಿ, ಟೈಪ್ ಮಾಡುವ ಕೆಲಸ ಮನೆಯಲ್ಲಿ ಮೊಬೈಲಲ್ಲಿ ಮುಗಿಸಿ ಹೋಗಿ. ಯೂನಿಕೋಡ್ ಆದ್ದರಿಂದ ಸೀದಾ ಪೇಸ್ಟ್ ಆಗ್ತದೆ.

ಯಾವ ಕೀಬೋರ್ಡ್ ಕಲೀಲಿ, ನುಡಿಯದ್ದಾ ಇನ್‌ಸ್ಕ್ರಿಪ್ಟಾ? (ಅಡೂರು) ಕರ್ನಾಟಕದ ಕಡೆ ಕೆಲಸ ಮಾಡುವ ಆಲೋಚನೆ ಇದ್ರೆ ನುಡಿಯದ್ದು, ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ ಬಂದದ್ದು ಅದು, ಬೇಗ ಕೈಗೆ ಹತ್ತುತ್ತದೆ. ಮಲಯಾಳವನ್ನೂ ಟೈಪ್ ಮಾಡ್ಬೇಕಾದವರಿಗೆ ಇನ್‌ಸ್ಕ್ರಿಪ್ಟ್ ಲಾಭ, ಯಾಕಂದ್ರೆ ಕನ್ನಡದ ಕ ಯಾವ ಕೀಲಿಯಲ್ಲಿ ಉಂಟೋ ಮಲಯಾಳದ ಕ ಕೂಡ ಅದರಲ್ಲೇ, ಒಮ್ಮೆ ಕಲಿತರೆ ಎರಡು ಭಾಷೆ. ಉಬುಂಟು ಆಪರೇಟಿಂಗ್ ಸಿಸ್ಟಮಲ್ಲಿ ಎರಡೂ ಸಿಗ್ತದೆ, ನುಡಿಯದ್ದು ಕಗಪ ಅನ್ನುವ ಹೆಸರಲ್ಲಿ ಇರ್ತದೆ.

ಗೆಳೆಯ ಕೋರಲಿನ ಕ್ರ್ಯಾಕ್ (ಲೈಸೆನ್ಸಿಲ್ಲದ ಕಾಪಿ) ಕೊಡ್ತಾನೆ, ಹಾಕ್ಬಹುದಾ? (ನೀರ್ಚಾಲು) ಬೇಡ. ಕಾನೂನಿಗೂ ಸರಿ ಅಲ್ಲ, ಕ್ರ್ಯಾಕ್ ಜೊತೆ ವೈರಸ್ ಬಂದು ಅಪ್ಪನ ಬ್ಯಾಂಕ್ ಫೈಲು ಹೋದ್ರೆ ಕೋರಲ್ ಕಂಪನಿಯವರು ತಂದು ಕೊಡೋದಿಲ್ಲ.

ಹತ್ತನೇ ಕ್ಲಾಸಿನ ಮಗ ಊರಿನವರಿಗೆ ಮದುವೆ ಕಾಗದ ಡಿಸೈನ್ ಮಾಡಿ ಕೊಡ್ತಾನೆ. ದುಡ್ಡು ತಗೊಳ್ಬಹುದಾ? (ಬಾಯಾರು) ತಗೊಳ್ಳಲಿ ಮಾರಾಯ್ರೆ, ಧರ್ಮಕ್ಕೆ ಮಾಡಿ ಕೊಟ್ರೆ ಹತ್ತು ಸಲ ಬದಲಾಯಿಸ್ಲಿಕ್ಕೆ ಹೇಳ್ತಾರೆ. ಪರೀಕ್ಷೆಯ ತಿಂಗಳು ಒಪ್ಕೊಳ್ಳೋದು ಬೇಡ ಅಷ್ಟೇ. ಮತ್ತೆ ಪ್ರೆಸ್ಸಿಗೆ ಕಳಿಸುವ ಮೊದಲು ಪ್ರಿಂಟ್ ತೆಗೆದು ಎರಡೂ ಮನೆಯವರ ಕೈಯಲ್ಲಿ ಓದಿಸಿ, ಮುಹೂರ್ತ, ವಾರ, ಸಭಾಭವನದ ಹೆಸರಿಗೆ ಪೆನ್ನಲ್ಲಿ ಟಿಕ್ ಹಾಕಿಸಿ, ಕೆಳಗೆ ಸಹಿ ತಗೊಂಡು ಆ ಪ್ರೂಫ್ ಮದುವೆ ಮುಗಿಯುವವರೆಗೆ ಜೋಪಾನ ಇಟ್ಕೊಳ್ಳಲಿ.